ಈ ಕೌದಿ ಯಾರಿಗೆ?

ಕೌದಿ ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ ಹೊದಿಕೆ. ಅದನ್ನು ಹೊಲಿಯಲು ಕಲಿಯಬೇಕು ಅಂತ ಬರುವವರು ಮೊದಲು ಕೇಳುವುದು ಡಿಸೈನ್ ಬಗ್ಗೆ. ನಾನು ಮೊದಲು ಕೇಳುವುದು, ಇದು ಯಾರಿಗೆ? ಹುಟ್ಟಲಿರುವ ಮಗುವಿಗಾ, ಊರಲ್ಲಿರುವ ಅಪ್ಪನಿಗಾ? ಅಷ್ಟು ಗೊತ್ತಾದರೆ ಅಳತೆ, ಬಟ್ಟೆ, ದಪ್ಪ ಎಲ್ಲಾ ಅದರ ಹಿಂದೆಯೇ ಬರುತ್ತವೆ.

ನಡುವೆ ಈ ಪ್ರಶ್ನೆಯನ್ನು ನಾನೇ ಮರೆತಿದ್ದೆ. ಕೆಲವು ವರ್ಷ ಬರೀ ಗೋಡೆಗೆ ತೂಗುಹಾಕುವ ತುಂಡುಗಳು, ಕುಶನ್ ಕವರ್‌ಗಳ ಆರ್ಡರ್. ದುಡ್ಡು ಬರುತ್ತಿತ್ತು. ಹೊಲಿದದ್ದನ್ನು ಯಾರೂ ಹೊದೆಯುತ್ತಿರಲಿಲ್ಲ. ಒಂದು ಮಳೆಗಾಲವಿಡೀ ಸೂಜಿ ಮುಟ್ಟಲು ಮನಸ್ಸಾಗಲಿಲ್ಲ. ಆಗ ನಮ್ಮ ಓಣಿಯ ಹುಡುಗಿಯೊಬ್ಬಳು, ಏಳು ತಿಂಗಳ ಬಸುರಿ, ತೀರಿಕೊಂಡ ಅಜ್ಜಿಯ ಎರಡು ಇಳಕಲ್ ಸೀರೆ ಹಿಡಿದು ಬಂದಳು. "ಅಕ್ಕಾ, ನನಗ ಗುಂಡಿ ಹಚ್ಚಾಕೂ ಬರಂಗಿಲ್ಲ. ಆದ್ರ ಇದನ್ನ ನಾನ ಹೊಲೀಬೇಕು."

ಸೀರೆಯ ಒಡಲು ಹತ್ತಿಯದು, ತೊಳೆದು ತೊಳೆದು ಮೆತ್ತಗಾಗಿತ್ತು. ಕೌದಿಗೆ ಇಂಥದ್ದೇ ಬೇಕು. ಹೊಸ ಬಟ್ಟೆ ಮೊದಲ ತೊಳೆತಕ್ಕೇ ಕುಗ್ಗಿ ಪಕ್ಕದ ಹಳೆಯದನ್ನು ಜಗ್ಗುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮಗುವಿಗೆ ಅದು ಬೇಡವೇ ಬೇಡ. ಒಂದು ಕಡೆ ಅರಿಶಿನದ ಕಲೆ ಇತ್ತು, ಅಜ್ಜಿ ಕೈ ಒರೆಸಿಕೊಂಡ ಜಾಗ. ಕತ್ತರಿಸಿ ತೆಗೆಯೋಣವಾ ಅಂದೆ. ಅವಳು ಅದನ್ನು ಅಂಗೈಯಿಂದ ಮುಚ್ಚಿಕೊಂಡಳು. ಆ ತುಂಡು ನಡುಮಧ್ಯಕ್ಕೆ ಹೋಯಿತು.

ಮೊದಲ ಕೌದಿ ಎರಡು ಮೊಳ ಉದ್ದವಿದ್ದರೆ ಸಾಕು, ಅಂದರೆ 3 ಅಡಿ. ದೊಡ್ಡದಕ್ಕೆ ಕೈ ಹಾಕಿದವರು ಅರ್ಧಕ್ಕೇ ಬಿಡುವುದನ್ನು ಜಾಸ್ತಿ ನೋಡಿದ್ದೇನೆ. ಮೂರು ಪದರ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಬನ್ನಿ. ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ ಇರಲಿ. ಹೊಸಬರೆಲ್ಲರ ತಪ್ಪು ಒಂದೇ, ದಾರ ಬಿಗಿ ಎಳೆಯುವುದು. ಬಟ್ಟೆ ಸುಕ್ಕುಗಟ್ಟುತ್ತದೆ. ನಾಲ್ಕು ಹೊಲಿಗೆಗೊಮ್ಮೆ ಬಟ್ಟೆಯನ್ನು ಸವರಿ ನೋಡಿದರೆ ಇದು ತಾನಾಗಿಯೇ ಸರಿಹೋಗುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರೂ (ಆಫ್ರಿಕಾ ಮೂಲದ ಸಮುದಾಯದವರು) ತಮ್ಮ ಕೌದಿಯಾದ ಕವಂದ್ ಅನ್ನು ಹೀಗೇ ಮೂಲೆಯಿಂದ ಹಿಡಿದು ಸುತ್ತಿಕೊಂಡು ನಡುವಿಗೆ ಬರುತ್ತಾರೆ. ಕೈಗೆ ಸಿಕ್ಕ ತೇಪೆಯನ್ನು ಇಟ್ಟು, ನೋಡಿ, ಹೊಲಿಯುತ್ತಾ ಹೋಗುತ್ತಾರೆ. ಕೊನೆಗೆ ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ಹೂವು, ಅವರ ಮಾತಿನಲ್ಲಿ 'ಫೂಲ'. ಹೊದೆಯಲು ಅದರಿಂದ ಏನೂ ಉಪಯೋಗವಿಲ್ಲ. ಆದರೂ ಅದಿಲ್ಲದ ಕವಂದ್ ಅವರಿಗೆ ಬತ್ತಲೆ ಇದ್ದ ಹಾಗೆ. ಡಿಸೈನ್ ಬರುವುದಿಲ್ಲ ಅಂತ ಹೆದರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮೊದಲೇ ಬರೆದಿಟ್ಟುಕೊಳ್ಳುವುದು ಏನೂ ಬೇಡ, ಮುಂದಿನ ತೇಪೆ ಯಾವುದು ಅಂತ ಗೊತ್ತಿದ್ದರೆ ಸಾಕು.

ಕಲಿಸುವವರಿಗೂ ಒಂದು ಮಾತು. ಹಿಂದೆ ನಾನು ಕಲಿಯುವವರ ಸೊಟ್ಟ ಸಾಲುಗಳನ್ನು ರಾತ್ರಿ ಕೂತು ಬಿಚ್ಚಿ, ನೇರ ಹೊಲಿದು ಇಡುತ್ತಿದ್ದೆ. ಸಹಾಯ ಅಂದುಕೊಂಡಿದ್ದೆ. ಒಬ್ಬಾಕೆ ಮಾರನೇ ದಿನ ಬಂದು ಬಟ್ಟೆ ಮುಟ್ಟಿ ನೋಡಿ, "ಇದು ನಂದಲ್ಲ" ಅಂದರು. ಮತ್ತೆ ಬರಲಿಲ್ಲ. ಆ ತಪ್ಪು ನನ್ನದೇ. ಈಗ ಪಕ್ಕದಲ್ಲಿ ನನ್ನದೊಂದು ತುಂಡು ಹಿಡಿದು ಕೂರುತ್ತೇನೆ. ಕೇಳಿದರೆ ನನ್ನ ಬಟ್ಟೆಯ ಮೇಲೆ ತೋರಿಸುತ್ತೇನೆ, ಅವರದನ್ನು ಮುಟ್ಟುವುದಿಲ್ಲ.

ಆ ಹುಡುಗಿಯ ಕೌದಿಯ ಮೊದಲ ಸುತ್ತು ಹಾವಿನ ಹಾಗೆ ಹೋಗಿದೆ. ನಾಲ್ಕನೇ ಸುತ್ತಿಗೆ ಕೈ ನೆಟ್ಟಗಾಯಿತು. ಹೋದ ವಾರ ನೋಡಿದಾಗ ಅದು ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿತ್ತು. ಮೂಲೆಯಲ್ಲಿ ದಾರ ಬಿಟ್ಟಿದ್ದ ಕಡೆ ಹೊಸದಾಗಿ ಹೊಲಿಗೆ ಬಿದ್ದಿತ್ತು, ಬೇರೆ ಬಣ್ಣದ ದಾರದಲ್ಲಿ. ನಾನು ಹೇಳಿಕೊಟ್ಟಿರಲಿಲ್ಲ.