ಪದ ಪರಿಚಯ: ಬೋಸ್ನಿಯಾದ ಮುಜಾಹಿದೀನ್

ಮುಜಾಹಿದ್ ಎಂಬ ಹೆಸರಿನವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಲಬುರಗಿಯಲ್ಲೋ ಬೀದರಿನಲ್ಲೋ ತಾಯಿಯೊಬ್ಬಳು ಮಗನನ್ನು ಊಟಕ್ಕೆ ಕರೆಯುವ ಹೆಸರು ಅದು. ಅದೇ ಪದ ಬಹುವಚನವಾಗಿ 'ಮುಜಾಹಿದೀನ್' ಎಂದಾದ ಕೂಡಲೇ ಓದುಗರ ಮನಸ್ಸಿಗೆ ಬರುವ ಚಿತ್ರವೇ ಬೇರೆ. 80ರ ದಶಕದಲ್ಲಿ ಅಫ್ಗಾನಿಸ್ತಾನದ ಸುದ್ದಿಗಳೊಂದಿಗೆ ಈ ಪದ ಕನ್ನಡ ಪತ್ರಿಕೆಗಳಿಗೆ ಬಂತು. 2008ರ ಹೊತ್ತಿಗೆ 'ಇಂಡಿಯನ್ ಮುಜಾಹಿದೀನ್' ಎಂಬ ಹೆಸರು ಸುದ್ದಿಯಾದ ಮೇಲಂತೂ ಅದಕ್ಕೆ ಬಾಂಬಿನ ವಾಸನೆ ಅಂಟಿಕೊಂಡಿತು. ಈ ಎರಡು ಕಾಲಗಳ ನಡುವೆ, 1992ರಿಂದ 1995ರವರೆಗೆ, ಯುರೋಪಿನ ನೆಲದಲ್ಲಿ ನಡೆದ ಒಂದು ಯುದ್ಧದಲ್ಲಿ ಇದೇ ಪದಕ್ಕೆ ಒಂದು ಖಚಿತ ಅರ್ಥ ಇತ್ತು: ಬೋಸ್ನಿಯಾದ ಮುಸ್ಲಿಮರ ಪರ ಕಾದಾಡಲು ಹೊರದೇಶಗಳಿಂದ ಬಂದ ಮುಸ್ಲಿಂ ಸ್ವಯಂಸೇವಕ ಯೋಧರು. ಆ ಅರ್ಥ ಖಚಿತವಾಗಿ ಉಳಿಯಲಿಲ್ಲ. ಅದು ಹೇಗೆ ಹಿಗ್ಗಿತು, ಹಿಗ್ಗಿಸಿದವರು ಯಾರು ಎಂಬುದನ್ನು ತಿಳಿಯದೆ ಆ ಯುದ್ಧದ ಬಗ್ಗೆ ಬರೆದರೆ ಸತ್ತವರಿಗೂ ಅನ್ಯಾಯ, ಬದುಕಿದವರಿಗೂ ಅನ್ಯಾಯ.

ಮೊದಲು ಪದದ ಹುಟ್ಟು. ಅರಬ್ಬಿಯಲ್ಲಿ ಜ-ಹ-ದ ಎಂಬ ಮೂರು ವ್ಯಂಜನಗಳ ಧಾತುವಿಗೆ ಶ್ರಮಪಡು, ಶಕ್ತಿಮೀರಿ ಯತ್ನಿಸು ಎಂಬ ಅರ್ಥ. ಜಿಹಾದ್ ಆ ಯತ್ನ, ಮುಜಾಹಿದ್ ಯತ್ನಿಸುವವನು. ಧರ್ಮಶಾಸ್ತ್ರದ ವಿದ್ವಾಂಸರು ಸ್ವಂತ ವಿವೇಚನೆಯಿಂದ ತೀರ್ಮಾನಕ್ಕೆ ಬರಲು ಪಡುವ ಬೌದ್ಧಿಕ ಶ್ರಮಕ್ಕೆ ಇಜ್ತಿಹಾದ್ ಎನ್ನುತ್ತಾರೆ. ಅದೂ ಇದೇ ಬೇರಿನದು. ನಮ್ಮ ಉರ್ದು ಭಾಷಣಗಳಲ್ಲಿ ಆಗಾಗ ಕೇಳಿಬರುವ 'ಜದ್ದೋಜಹದ್', ಅಂದರೆ ಹೋರಾಟ, ಅದರಲ್ಲೂ ಈ ಬೇರು ಇದೆ. ಮುಜಾಹಿದೀನ್ ಎಂಬುದು ಆಗಲೇ ಬಹುವಚನ. 'ಮುಜಾಹಿದೀನ್‌ಗಳು' ಎಂದು ನಾವು ಬರೆಯುವುದು 'ಉಲೇಮಾಗಳು' ಎಂದ ಹಾಗೆ. ಹೊರಗಿನ ಪದವನ್ನು ಕನ್ನಡ ತನ್ನ ವ್ಯಾಕರಣಕ್ಕೆ ಒಗ್ಗಿಸಿಕೊಂಡ ರೀತಿ ಅದು, ತಪ್ಪೇನಿಲ್ಲ. 'ಒಬ್ಬ ಮುಜಾಹಿದೀನ್' ಎಂದು ಬರೆಯುವುದು ಮಾತ್ರ ತಪ್ಪು. ಇನ್ನೊಂದು ಗೊಂದಲವೂ ಆಗಾಗ ಕಾಣುತ್ತದೆ. ಮುಹಾಜಿರ್ ಬೇರೆ, ಮುಜಾಹಿದ್ ಬೇರೆ. ಮುಹಾಜಿರ್ ಎಂದರೆ ಊರು ಬಿಟ್ಟು ಹೋದವನು, ವಲಸಿಗ.

ಈ ಕೊನೆಯ ವ್ಯತ್ಯಾಸ ಬೋಸ್ನಿಯಾದಲ್ಲಿ ಬಹಳ ಮುಖ್ಯ. ಒಟ್ಟೊಮನ್ನರು 1463ರಲ್ಲಿ ಬೋಸ್ನಿಯಾವನ್ನು ಗೆದ್ದು 1878ರವರೆಗೆ ಆಳಿದ್ದರಿಂದ ಅಲ್ಲಿನ ಸ್ಲಾವಿಕ್ ನುಡಿಯಲ್ಲಿ ಅರಬ್ಬಿ, ಪಾರಸಿ, ತುರ್ಕಿ ಪದಗಳು ಧಾರಾಳವಾಗಿವೆ. ನಮ್ಮ ಜೇಬು ಅಲ್ಲಿ 'ಜೆಪ್', ನಮ್ಮ ಸಾಬೂನು ಅಲ್ಲಿ 'ಸಾಪುನ್', ನಮ್ಮ ಸಂದೂಕ ಅಲ್ಲೂ 'ಸಂದುಕ್'. ಯುದ್ಧ ಬಂದಾಗ ಧರ್ಮದ ಪದಗಳೂ ಹೊಸ ಜೀವ ಪಡೆದವು. ಮನೆ ಸುಟ್ಟು ಓಡಿಸಲ್ಪಟ್ಟ ಸ್ಥಳೀಯ 'ಮುಹಾಜಿರ್'. ಹೋರಾಡಿ ಸತ್ತ ಸ್ಥಳೀಯ ಸೈನಿಕ 'ಶೆಹೀದ್'. ಹೊರಗಿನಿಂದ ಬಂದ ಯೋಧ 'ಮುಜಾಹಿದ್', ಇಲ್ಲವೇ 'ಎನ್ಸಾರಿಯ', ಅಂದರೆ ನೆರವಿಗೆ ನಿಂತವನು. ಎನ್ಸಾರಿಯ ಎಂಬುದು ಅನ್ಸಾರ್ ಎಂಬ ಅರಬ್ಬಿ ಪದದ ಬೋಸ್ನಿಯಾ ರೂಪ. ಪ್ರವಾದಿ ಮುಹಮ್ಮದರು ಮೆಕ್ಕಾ ಬಿಟ್ಟು ಮದೀನಾಕ್ಕೆ ಬಂದಾಗ ಬಂದವರು ಮುಹಾಜಿರರು, ಆಶ್ರಯ ಕೊಟ್ಟ ಊರಿನವರು ಅನ್ಸಾರರು. ಬೋಸ್ನಿಯಾದಲ್ಲಿ ಅದು ತಿರುವುಮುರುವಾಯಿತು. ಊರಿನವರೇ ಮುಹಾಜಿರರಾದರು, ಹೊರಗಿನಿಂದ ಬಂದವರು ಅನ್ಸಾರರು ಎನಿಸಿಕೊಂಡರು. ತಮ್ಮ ನೆಲದಲ್ಲೇ ವಲಸಿಗರಾದ ಜನರ ಸ್ಥಿತಿ ಈ ಒಂದು ಅದಲುಬದಲಿನಲ್ಲಿ ಕಾಣುತ್ತದೆ.

ಆ ಸ್ಥಿತಿ ಬಂದದ್ದು ಹೀಗೆ. 1991ರ ಜನಗಣತಿಯ ಪ್ರಕಾರ ಬೋಸ್ನಿಯಾ-ಹರ್ಜೆಗೊವಿನಾದಲ್ಲಿ ಮುಸ್ಲಿಮರು ಶೇ 43ಕ್ಕಿಂತ ಸ್ವಲ್ಪ ಹೆಚ್ಚು, ಸೆರ್ಬರು ಸುಮಾರು ಶೇ 31, ಕ್ರೊಯೇಟರು ಸುಮಾರು ಶೇ 17. ಯುಗೊಸ್ಲಾವಿಯಾ ಒಡೆಯುತ್ತಿತ್ತು. 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದ ಸ್ವಾತಂತ್ರ್ಯಕ್ಕೆ ಯುರೋಪಿನ ಮಾನ್ಯತೆ ಸಿಕ್ಕಿತು, ಆ ದಿನಗಳಲ್ಲೇ ರಾಜಧಾನಿ ಸರಾಯೆವೊಗೆ ಸೆರ್ಬ್ ಪಡೆಗಳ ಮುತ್ತಿಗೆ ಬಿತ್ತು. 1991ರ ಸೆಪ್ಟೆಂಬರ್‌ನಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರಾಸ್ತ್ರ ಮಾರಾಟ ನಿಷೇಧಿಸಿತ್ತು. ಹಳೆಯ ಯುಗೊಸ್ಲಾವ್ ಸೇನೆಯ ತೋಪು, ಟ್ಯಾಂಕುಗಳ ಬಹುಪಾಲು ಸೆರ್ಬ್ ಪಡೆಗಳ ಕೈಯಲ್ಲಿದ್ದುದರಿಂದ ಕಾಗದದ ಮೇಲೆ ಎಲ್ಲರಿಗೂ ಸಮನಾಗಿದ್ದ ನಿಷೇಧ ನಿಜವಾಗಿ ಕಟ್ಟಿಹಾಕಿದ್ದು ಬರಿಗೈಯಲ್ಲಿದ್ದವರನ್ನು. ಸುಮಾರು ಒಂದು ಲಕ್ಷ ಜನ ಸತ್ತ ಯುದ್ಧ ಅದು. ಅಲ್ಲಿನ ಮುಸ್ಲಿಮರ ಕೊಲೆ, ಅತ್ಯಾಚಾರ, ಸೆರೆಶಿಬಿರಗಳ ಚಿತ್ರಗಳು ಟಿ.ವಿ.ಯಲ್ಲಿ ಬರತೊಡಗಿದಾಗ ಹೊರಗಿನ ಮುಸ್ಲಿಂ ಜಗತ್ತು ಕುದಿಯಿತು.

ಇನ್ನೊಂದು ಕಡೆ, ಅದೇ 1992ರ ಏಪ್ರಿಲ್‌ನಲ್ಲಿ ಕಾಬೂಲ್‌ನಲ್ಲಿ ನಜೀಬುಲ್ಲಾ ಸರ್ಕಾರ ಬಿದ್ದಿತು. ಸೋವಿಯತ್ ಸೇನೆ 1989ರಲ್ಲೇ ಹೊರಟುಹೋಗಿತ್ತು. ಅಫ್ಗಾನ್ ಯುದ್ಧಕ್ಕೆಂದು ಬಂದು ಪಾಕಿಸ್ತಾನದ ಪೇಶಾವರದಲ್ಲಿ ಉಳಿದಿದ್ದ ಅರಬ್ ಯೋಧರಿಗೆ ಕೆಲಸವಿರಲಿಲ್ಲ. ಈಜಿಪ್ಟ್, ಅಲ್ಜೀರಿಯಾದವರು ತಾಯ್ನಾಡಿಗೆ ಮರಳಿದರೆ ಜೈಲು ಕಾದಿತ್ತು. 1993ರ ಆರಂಭದಲ್ಲಿ ಪಾಕಿಸ್ತಾನವೂ ಅವರನ್ನು ಜಾಗ ಖಾಲಿ ಮಾಡಲು ಹೇಳಿತು. ಅವರಲ್ಲಿ ಕೆಲವರು ಬೋಸ್ನಿಯಾದ ಹಾದಿ ಹಿಡಿದರು. ಜೊತೆಗೆ ಇಟಲಿ, ಬ್ರಿಟನ್ ಮುಂತಾದೆಡೆ ನೆಲೆಸಿದ್ದ ವಲಸಿಗ ಯುವಕರು ಬಂದರು. ಮೂರನೆಯ ಗುಂಪೊಂದಿದೆ, ಅದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಯುಗೊಸ್ಲಾವಿಯಾದ ನಾಯಕ ಟಿಟೊ ಮತ್ತು ನೆಹರೂ ಕಟ್ಟಿದ ಅಲಿಪ್ತ ಚಳವಳಿಯ ಗೆಳೆತನದಿಂದಾಗಿ ಯುಗೊಸ್ಲಾವಿಯಾದ ವಿಶ್ವವಿದ್ಯಾಲಯಗಳಲ್ಲಿ ಅರಬ್ ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದರು. ಅವರಲ್ಲಿ ಕೆಲವರು ಪುಸ್ತಕ ಬಿಟ್ಟು ಬಂದೂಕು ಹಿಡಿದರು, ಕೆಲವರು ಬಂದವರಿಗೆ ದುಭಾಷಿಗಳಾದರು.

ದಾರಿ ಹೆಚ್ಚಾಗಿ ಕ್ರೊಯೇಷಿಯಾದ ಮೂಲಕ. ಜಾಗ್ರೆಬ್‌ನಲ್ಲಿದ್ದ ಪರಿಹಾರ ಸಂಸ್ಥೆಗಳಲ್ಲಿ ಕೆಲವು ನಿಜಕ್ಕೂ ಹಿಟ್ಟು, ಔಷಧಿ ಸಾಗಿಸುತ್ತಿದ್ದವು, ಕೆಲವು ಅದರ ಜೊತೆಗೆ ಜನರನ್ನೂ ಸಾಗಿಸುತ್ತಿದ್ದವು. 1992ರ ಬೇಸಿಗೆಯಿಂದ ಮಧ್ಯ ಬೋಸ್ನಿಯಾದ ತ್ರಾವ್ನಿಕ್, ಜೆನಿತ್ಸಾ ಪಟ್ಟಣಗಳ ಸುತ್ತ ಈ ಯೋಧರು ಕಾಣಿಸಿಕೊಂಡರು. ಮೆಹುರಿಚಿ ಎಂಬ ಹಳ್ಳಿಯ ಹತ್ತಿರ ಶಿಬಿರ ಹಾಕಿದರು. ಅಲ್ಲಿನ ಮುಸ್ಲಿಮರು ಹನಫಿ ಸಂಪ್ರದಾಯದವರು, ಯುಗೊಸ್ಲಾವಿಯಾದ ದಶಕಗಳಲ್ಲಿ ಧರ್ಮವನ್ನು ಮನೆಯೊಳಗೆ ಇಟ್ಟುಕೊಂಡು ಬೆಳೆದವರು. ಹಬ್ಬದ ದಿನ ಮಸೀದಿಗೆ ಹೋಗಿ ಸಂಜೆ ನೆರೆಯವರ ಜೊತೆ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಕುಡಿಯುವವರು ಅವರಲ್ಲಿ ಎಷ್ಟೋ ಜನ. ಬಂದವರಿಗೆ ಇದು ಸಹಿಸಲಾಗಲಿಲ್ಲ. ನಮಾಜಿನ ಕ್ರಮದಿಂದ ಹಿಡಿದು ಹೆಂಗಸರ ಉಡುಗೆಯವರೆಗೆ ತಿದ್ದಲು ಹೊರಟರು. ನೆರವಿಗೆ ಬಂದವರು ಉಪದೇಶಕ್ಕೆ ನಿಂತರೆ ಆತಿಥೇಯರಿಗೆ ಆಗುವ ಇರಿಸುಮುರಿಸು ಅಲ್ಲೂ ಆಯಿತು. ಹಾಗೆಂದು ಎಲ್ಲರೂ ದೂರ ಸರಿಯಲಿಲ್ಲ. ಅವರ ಶಿಸ್ತನ್ನೂ ಸಾವಿಗೆ ಹೆದರದ ಧೈರ್ಯವನ್ನೂ ನೋಡಿ ಸ್ಥಳೀಯ ಹುಡುಗರು ಅವರ ಜೊತೆ ಸೇರಿದರು.

1993ರ ಆಗಸ್ಟ್ 13ರಂದು ಬೋಸ್ನಿಯಾ ಸೇನೆಯ ಮುಖ್ಯಸ್ಥ ರಾಸಿಂ ದೆಲಿಚ್ ಇವರನ್ನೆಲ್ಲ ಸೇರಿಸಿ 'ಎಲ್ ಮುಜಾಹಿದ್' ಎಂಬ ದಳ ರಚಿಸಲು ಆದೇಶ ಹೊರಡಿಸಿದ. ಅದು ಜೆನಿತ್ಸಾದಲ್ಲಿ ನೆಲೆಯಿದ್ದ 3ನೇ ಕೋರ್ ಎಂಬ ಸೇನಾ ವಿಭಾಗದ ಅಧೀನ. ಅಲ್ಲಿಯವರೆಗೆ ಯಾರ ಮಾತೂ ಕೇಳದೆ ತಿರುಗುತ್ತಿದ್ದವರನ್ನು ಸೇನೆಯ ಹಿಡಿತಕ್ಕೆ ತರುವುದು ಉದ್ದೇಶವಾಗಿತ್ತು. ಒಟ್ಟು ಎಷ್ಟು ಹೊರದೇಶಿಗರು ಬಂದಿದ್ದರು ಎಂಬುದಕ್ಕೆ ಕೆಲವು ನೂರರಿಂದ ಕೆಲವು ಸಾವಿರದವರೆಗೆ ಬೇರೆ ಬೇರೆ ಅಂದಾಜುಗಳಿವೆ. ಬೋಸ್ನಿಯಾ ಸೇನೆಯಲ್ಲಿದ್ದವರು ಎರಡು ಲಕ್ಷದಷ್ಟು. ಯುದ್ಧದ ಕೊನೆಯ ಹೊತ್ತಿಗೆ ಎಲ್ ಮುಜಾಹಿದ್ ದಳದೊಳಗೇ ಹೊರದೇಶಿಗರಿಗಿಂತ ಬೋಸ್ನಿಯಾದವರ ಸಂಖ್ಯೆ ಹೆಚ್ಚಾಗಿತ್ತು. 1995ರ ಸೆಪ್ಟೆಂಬರ್‌ನಲ್ಲಿ ವೊಜುಚಾ ಪ್ರದೇಶದ ಮೇಲೆ ನಡೆದ ದಾಳಿಯಲ್ಲಿ ಈ ದಳ ಮುಂಚೂಣಿಯಲ್ಲಿತ್ತು. ದಾಳಿಯ ಹೆಸರು 'ಫರ್ಜ್': ಕಡ್ಡಾಯ ಕರ್ತವ್ಯ.

ಈ ಯೋಧರ ಕೈಗೆ ರಕ್ತ ಅಂಟಿದೆ. ಇದನ್ನು ಮೆಲುದನಿಯಲ್ಲಿ ಹೇಳಿ ಮುಂದೆ ಹೋಗಲಾಗದು. ದಳ ರಚನೆಯಾಗುವ ಮೊದಲೇ, ಬೋಸ್ನಿಯಾ ಸೇನೆಗೂ ಕ್ರೊಯೇಟ್ ಪಡೆಗಳಿಗೂ ಕಾಳಗ ನಡೆದಿದ್ದಾಗ, 1993ರ ಜೂನ್ 8ರಂದು, ತ್ರಾವ್ನಿಕ್ ಬಳಿಯ ಬಿಕೊಷಿಯಲ್ಲಿ ಸೆರೆಸಿಕ್ಕ ಇಪ್ಪತ್ತಕ್ಕೂ ಹೆಚ್ಚು ಕ್ರೊಯೇಟರನ್ನು ಮುಜಾಹಿದೀನ್ ಗುಂಡಿಟ್ಟು ಕೊಂದರು. 1995ರ ಜುಲೈಯಲ್ಲಿ ಹನ್ನೆರಡು ಮಂದಿ ಸೆರ್ಬ್ ಸೆರೆಯಾಳುಗಳನ್ನು ಲಿವಾದೆ ಹಳ್ಳಿಯಲ್ಲೂ ಆಮೇಲೆ ಕಾಮೆನಿತ್ಸಾ ಶಿಬಿರದಲ್ಲೂ ಕಟ್ಟಿಹಾಕಿ ಹೊಡೆದರು. ಅವರಲ್ಲೊಬ್ಬನ ತಲೆ ಕಡಿದು, ಆ ತಲೆಗೆ ಉಳಿದವರಿಂದ ಮುತ್ತಿಡಿಸಿದರು. ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ಹೇಗ್‌ನಲ್ಲಿದ್ದ ಅಂತಾರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಿನಲ್ಲಿ ಇದೆಲ್ಲ ದಾಖಲಾಗಿದೆ.

ಆ ನ್ಯಾಯಮಂಡಳಿಯ ಮುಂದೆ ಬಂದ ಪ್ರಶ್ನೆಯನ್ನು ಪದದ ಪ್ರಶ್ನೆ ಎಂದೂ ಹೇಳಬಹುದು. ಮುಜಾಹಿದೀನ್ ಯಾರ ಸೈನಿಕರು? 2008ರ ಒಂದೇ ವರ್ಷದಲ್ಲಿ ಎರಡು ಉತ್ತರ ಬಂದವು. 3ನೇ ಕೋರ್‌ನ ಹಿಂದಿನ ಕಮಾಂಡರ್ ಎನ್ವರ್ ಹಜಿಹಸನೊವಿಚ್ ಮೇಲ್ಮನವಿಯಲ್ಲಿ, 1993ರಲ್ಲಿ ಆ ದಳದ ಮೇಲೆ ಆತನಿಗೆ ನಿಜವಾದ ಹಿಡಿತ ಇರಲಿಲ್ಲ ಎಂದು ಏಪ್ರಿಲ್‌ನಲ್ಲಿ ತೀರ್ಪಾಯಿತು. ಸೆಪ್ಟೆಂಬರ್‌ನಲ್ಲಿ ದೆಲಿಚ್ ಪ್ರಕರಣದಲ್ಲಿ, 1995ರ ಜುಲೈ ಹೊತ್ತಿಗೆ ಹಿಡಿತ ಇತ್ತು ಎಂದು ಬಹುಮತದ ತೀರ್ಪು ಬಂತು. ಕೊಲೆಗಳ ಆರೋಪಗಳಿಂದ ದೆಲಿಚ್ ಬಿಡುಗಡೆಯಾದ. ಸೆರೆಯಾಳುಗಳ ಮೇಲಿನ ಕ್ರೌರ್ಯ ತಡೆಯಲಿಲ್ಲ ಎಂಬುದಕ್ಕೆ ಮೂರು ವರ್ಷ ಶಿಕ್ಷೆಯಾಯಿತು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 2010ರಲ್ಲಿ, ಆತ ತೀರಿಕೊಂಡ. ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ತಿಳಿಯುವುದಿಷ್ಟು: 'ಬೋಸ್ನಿಯಾದ ಮುಜಾಹಿದೀನ್' ಎಂದು ಒಂದೇ ಉಸಿರಿಗೆ ಹೇಳುವಾಗ ಯಾವ ತಿಂಗಳು, ಯಾವ ಶಿಬಿರ, ಯಾರ ಆಜ್ಞೆ ಎಂದು ಕೇಳಲೇಬೇಕು.

ಸೆರ್ಬ್ ಮತ್ತು ಕ್ರೊಯೇಟ್ ಉಗ್ರ ರಾಷ್ಟ್ರವಾದಿಗಳ ಪ್ರಚಾರ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅವರ ಬಾಯಲ್ಲಿ ಇಡೀ ಬೋಸ್ನಿಯಾ ಸೇನೆಯೇ ಮುಜಾಹಿದೀನ್ ಆಯಿತು. ಆ ಸೇನೆಯಲ್ಲಿ ಸೆರ್ಬರೂ ಕ್ರೊಯೇಟರೂ ಇದ್ದರು ಎಂಬುದು ಲೆಕ್ಕಕ್ಕೆ ಬರಲಿಲ್ಲ. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಬೋಸ್ನಿಯಾದ ಸೆರ್ಬ್ ಪಡೆಗಳು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ಎಲ್ ಮುಜಾಹಿದ್ ದಳ ಇದ್ದದ್ದು ಮಧ್ಯ ಬೋಸ್ನಿಯಾದ ಬೆಟ್ಟಗಳಲ್ಲಿ. ಆದರೂ ಇಂದಿಗೂ ಆ ನರಮೇಧದ ಮಾತೆತ್ತಿದರೆ ಎದುರು ಉತ್ತರವಾಗಿ ಮುಜಾಹಿದೀನ್ ಎಂಬ ಪದವನ್ನು ಎಸೆಯುವವರಿದ್ದಾರೆ. ಕಾಮೆನಿತ್ಸಾದ ಕ್ರೌರ್ಯ ಸ್ರೆಬ್ರೆನಿತ್ಸಾಕ್ಕೆ ಸಮಜಾಯಿಷಿ ಆಗಲಾರದು. ಸ್ರೆಬ್ರೆನಿತ್ಸಾದ ದುಃಖವನ್ನು ಮುಂದೆ ಮಾಡಿ ಕಾಮೆನಿತ್ಸಾವನ್ನು ಮುಚ್ಚುವುದೂ ಅಷ್ಟೇ ಸಲ್ಲದು. ಸೆರ್ಬರ ಪರವಾಗಿಯೂ ಹೊರಗಿನವರು ಬಂದಿದ್ದರು, ರಷ್ಯನ್ನರು, ಗ್ರೀಕರು. ಅವರೂ ಧರ್ಮಬಂಧುಗಳಿಗಾಗಿ ಬಂದೆವು ಎಂದೇ ಹೇಳಿಕೊಂಡರು. ಅವರಿಗೆ ಸಿಕ್ಕ ಪದ 'ದೊಬ್ರೊವೊಲ್ಯತ್ಸಿ', ಬರೀ ಸ್ವಯಂಸೇವಕರು. ಆ ಪದ ಯಾರನ್ನೂ ಬೆಚ್ಚಿಬೀಳಿಸಲಿಲ್ಲ.

1995ರ ಡಿಸೆಂಬರ್ 14ರಂದು ಯುದ್ಧ ಮುಗಿಸಲು ಅಮೆರಿಕದ ಡೇಟನ್‌ನಲ್ಲಿ ರೂಪುಗೊಂಡ ಡೇಟನ್ ಶಾಂತಿ ಒಪ್ಪಂದಕ್ಕೆ ಪ್ಯಾರಿಸ್‌ನಲ್ಲಿ ಸಹಿ ಬಿತ್ತು. ಅದರ ಸೈನಿಕ ಅನುಬಂಧದ ಪ್ರಕಾರ ಹೊರಗಿನ ಯೋಧರೆಲ್ಲ 30 ದಿನಗಳೊಳಗೆ ದೇಶ ಬಿಡಬೇಕು. ಯಾರು ಯಾರು? ಸಲಹೆಗಾರರು, ಸ್ವಾತಂತ್ರ್ಯ ಹೋರಾಟಗಾರರು, ತರಬೇತುದಾರರು, ಸ್ವಯಂಸೇವಕರು. ಇದೇ ಕ್ರಮದಲ್ಲಿದೆ ಪಟ್ಟಿ. ಅಲ್ಲಿ 'ಮುಜಾಹಿದೀನ್' ಇಲ್ಲ, 'ಸ್ವಾತಂತ್ರ್ಯ ಹೋರಾಟಗಾರರು' ಇದೆ. ಕನ್ನಡದಲ್ಲಿ ಆ ನುಡಿಗಟ್ಟು ಕೇಳಿದರೆ ಗಾಂಧಿ ಟೋಪಿ, ಆಗಸ್ಟ್ 15ರ ಸನ್ಮಾನ, ಪಿಂಚಣಿ ನೆನಪಾಗುತ್ತದೆ. ಅದು ಆ ಒಪ್ಪಂದದಲ್ಲಿ ಹೊರಹಾಕಬೇಕಾದವರ ಪಟ್ಟಿಯಲ್ಲಿದೆ. ಅಫ್ಗಾನ್ ಮುಜಾಹಿದೀನ್‌ರನ್ನು ಅಮೆರಿಕದ ಅಧ್ಯಕ್ಷ ರೇಗನ್ ಹೊಗಳಿ ಕರೆಯುತ್ತಿದ್ದದ್ದೂ ಇದೇ ಮಾತಿನಿಂದ.

ಡಿಸೆಂಬರ್‌ನಲ್ಲೇ ದಳ ವಿಸರ್ಜನೆಯಾಯಿತು. ಬಹಳಷ್ಟು ಜನ ಹೊರಟುಹೋದರು. ಅಲ್ಲಿ ಕಾದಾಡಿ ಹೋದವರಲ್ಲಿ ಖಾಲಿದ್ ಅಲ್ ಮಿಹ್ಧಾರ್ ಮತ್ತು ನವಾಫ್ ಅಲ್ ಹಜ್ಮಿ 2001ರ ಸೆಪ್ಟೆಂಬರ್ 11ರ ವಿಮಾನ ಅಪಹರಣಕಾರರಾದರು. ಇನ್ನು ಕೆಲವರು ಬೋಸ್ನಿಯಾದ ಹೆಣ್ಣುಮಕ್ಕಳನ್ನು ಮದುವೆಯಾಗಿ, ಪೌರತ್ವ ಪಡೆದು, ಅಲ್ಲೇ ಉಳಿದರು. ಮಾಗ್ಲಾಯ್ ಪಟ್ಟಣದ ಹತ್ತಿರದ ಬೊಚಿನ್ಯಾದಲ್ಲಿ, ಸೆರ್ಬರು ಬಿಟ್ಟುಹೋಗಿದ್ದ ಮನೆಗಳಲ್ಲಿ, ಸಂಸಾರ ಹೂಡಿದರು. ಮನೆಯ ಮಾಲೀಕರು ಮರಳತೊಡಗಿದಾಗ ಅಲ್ಲಿಂದಲೂ ಏಳಬೇಕಾಯಿತು.

2001ರ ನಂತರ ಪದದ ಬಲೆ ಇನ್ನೂ ಅಗಲವಾಯಿತು. ಅಲ್ಜೀರಿಯಾ ಮೂಲದ ಆರು ಮಂದಿಯನ್ನು ಭಯೋತ್ಪಾದನೆಯ ಶಂಕೆಯ ಮೇಲೆ ಬೋಸ್ನಿಯಾದಲ್ಲಿ ಬಂಧಿಸಿದರು. ಅವರಲ್ಲೊಬ್ಬ, ಲಖ್ದರ್ ಬುಮೆದಿಯೆನ್, ರೆಡ್ ಕ್ರೆಸೆಂಟ್‌ನಲ್ಲಿ ಪರಿಹಾರ ಕೆಲಸಕ್ಕಿದ್ದವನು. ಸಾಕ್ಷ್ಯವಿಲ್ಲವೆಂದು ಅಲ್ಲಿನ ನ್ಯಾಯಾಲಯವೇ 2002ರ ಜನವರಿಯಲ್ಲಿ ಬಿಟ್ಟರೂ ಅವರನ್ನು ಅಮೆರಿಕಕ್ಕೆ ಒಪ್ಪಿಸಲಾಯಿತು, ಕ್ಯೂಬಾದಲ್ಲಿ ಅಮೆರಿಕ ನಡೆಸುವ ಗ್ವಾಂಟನಾಮೊ ಸೆರೆಶಿಬಿರಕ್ಕೆ ಸಾಗಿಸಲಾಯಿತು. 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬುಮೆದಿಯೆನ್ ಹೆಸರಿನ ಮೊಕದ್ದಮೆಯಲ್ಲೇ, ಗ್ವಾಂಟನಾಮೊ ಕೈದಿಗಳಿಗೂ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು.

ಬೋಸ್ನಿಯಾ ಸರ್ಕಾರ ಪೌರತ್ವಗಳನ್ನು ಮರುಪರಿಶೀಲಿಸಿ ನೂರಾರು ಜನರ ಪೌರತ್ವ ರದ್ದುಮಾಡಿತು. ಹಾಗೆ ಕಳೆದುಕೊಂಡವರಲ್ಲಿ ಸಿರಿಯಾದಲ್ಲಿ ಹುಟ್ಟಿದ ಒಬ್ಬಾತ ಇದ್ದ. ಅವನು ಯುಗೊಸ್ಲಾವಿಯಾಕ್ಕೆ ಬಂದದ್ದು 1983ರಲ್ಲಿ, ಓದುವುದಕ್ಕೆ. ಯುದ್ಧಕ್ಕೆ ಇನ್ನೂ ಒಂಬತ್ತು ವರ್ಷವಿತ್ತು. ಯುದ್ಧದಲ್ಲಿ ದಳ ಸೇರಿದ, ಅಲ್ಲೇ ಸಂಸಾರ ಕಟ್ಟಿದ. 2008ರಲ್ಲಿ ಅವನನ್ನು ಸರಾಯೆವೊ ಬಳಿಯ ಲುಕಾವಿತ್ಸಾ ವಲಸೆ ಕೇಂದ್ರದಲ್ಲಿ ಕೂಡಿಹಾಕಿದರು. ಸಿರಿಯಾಕ್ಕೆ ಗಡೀಪಾರು ಮಾಡಬಾರದೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಹೇಳಿತು. ಕರೆದುಕೊಳ್ಳುವ ದೇಶ ಬೇರೊಂದು ಸಿಗಲಿಲ್ಲ. 2016ರ ಫೆಬ್ರವರಿಯಲ್ಲಿ, ಯಾವ ಅಪರಾಧದ ವಿಚಾರಣೆಯೂ ನಡೆಯದೆ, ಅವನು ಬೋಸ್ನಿಯಾದಲ್ಲಿದ್ದ ಹೆಂಡತಿ ಮಕ್ಕಳ ಬಳಿಗೆ ಮನೆಗೆ ಹೋದ.