ಡಿಗ್ರಿ ಮುಗಿದ ಮೇಲೆ ಎಂಬಿಬಿಎಸ್: ಮೊದಲು ಪಿಯುಸಿ ಅಂಕಪಟ್ಟಿ ತೆಗೆದು ನೋಡಿ

ಪ್ರಶ್ನೆ: ಡಿಗ್ರಿ ಮುಗಿಸಿ ಕೆಲಸದಲ್ಲಿದ್ದೇನೆ, ವಯಸ್ಸು 24. ಈಗ ವೈದ್ಯಕೀಯ ಓದಬೇಕೆಂಬ ಆಸೆ ಗಟ್ಟಿಯಾಗಿದೆ. ಪದವಿಯ ಆಧಾರದ ಮೇಲೆ ಎಂಬಿಬಿಎಸ್‌ಗೆ ಅರ್ಜಿ ಹಾಕಬಹುದೇ? ವಯಸ್ಸು ಅಡ್ಡ ಬರುತ್ತದೆಯೇ?

ಉತ್ತರ: ಎಂಬಿಬಿಎಸ್ ಸೇರಬಹುದು, ವಯಸ್ಸು ಅಡ್ಡ ಬರುವುದಿಲ್ಲ. ಆದರೆ ಪದವಿಯ ಆಧಾರದ ಮೇಲೆ ಸೇರಲಾಗದು. ಅಮೆರಿಕದಲ್ಲಿ ಪದವಿ ಮುಗಿಸಿಯೇ ವೈದ್ಯಕೀಯ ಶಾಲೆಗೆ ಹೋಗುತ್ತಾರೆ. ಬ್ರಿಟನ್ನಿನಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ಕೋರ್ಸುಗಳಿವೆ. ಭಾರತದಲ್ಲಿ ಅಂಥ ಪ್ರತ್ಯೇಕ ದಾರಿ ಇಲ್ಲ. ಬಿ.ಎಸ್ಸಿ. ಚಿನ್ನದ ಪದಕ ಪಡೆದವರೂ, ಬಿಇ ಮಾಡಿದವರೂ, ಈ ವರ್ಷ ಪಿಯುಸಿ ಬರೆದ ಹದಿನೇಳರ ಹುಡುಗಿಯೂ ಒಂದೇ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಬರೆಯಬೇಕು, ಒಂದೇ ರ‍್ಯಾಂಕ್ ಪಟ್ಟಿಯಲ್ಲಿ ನಿಲ್ಲಬೇಕು. ಡಿಗ್ರಿಗೆ ಹೆಚ್ಚುವರಿ ಅಂಕವಿಲ್ಲ, ಮೊದಲ ವರ್ಷದಿಂದ ವಿನಾಯಿತಿಯೂ ಇಲ್ಲ. ಜೀವರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದರೂ ಎಂಬಿಬಿಎಸ್ ಮೊದಲ ವರ್ಷದಲ್ಲಿ ಅದೇ ವಿಷಯವನ್ನು ಮತ್ತೆ ಓದಿ ಪಾಸಾಗಬೇಕು.

ಹಾಗಾಗಿ ಕೆಲಸ ಬಿಡುವ ಮೊದಲು, ಕೋಚಿಂಗ್‌ಗೆ ಹಣ ಕಟ್ಟುವ ಮೊದಲು, ದ್ವಿತೀಯ ಪಿಯುಸಿ ಅಂಕಪಟ್ಟಿ ತೆಗೆದು ನೋಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಮೂರು ವಿಷಯಗಳ ಒಟ್ಟು 300ರಲ್ಲಿ ಸಾಮಾನ್ಯ ವರ್ಗಕ್ಕೆ 150, ಮೀಸಲಾತಿ ವರ್ಗಗಳಿಗೆ 120 ಅಂಕ ಬೇಕು. ಪ್ರತಿ ವಿಷಯದಲ್ಲೂ ಶೇ 50 ಬೇಕೆಂದು ಹಲವರು ಹೆದರುತ್ತಾರೆ. ಹಾಗಿಲ್ಲ. ಎಲ್ಲದರಲ್ಲೂ ಪಾಸಾಗಿದ್ದು, ಒಟ್ಟು ಅಷ್ಟಾದರೆ ಸಾಕು.

ಎಂಜಿನಿಯರಿಂಗ್ ಮಾಡಿದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಓದಿದ್ದರೆ ಚಿಂತೆಯಿಲ್ಲ. ನಾಲ್ಕನೆಯ ವಿಷಯವಾಗಿ ಕಂಪ್ಯೂಟರ್ ಅಥವಾ ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಸಿ, ಪಿಸಿಎಂಇ ಓದಿದ್ದರೆ ಜೀವಶಾಸ್ತ್ರವೇ ಇರುವುದಿಲ್ಲ. ಮೊದಲೆಲ್ಲ ಅಲ್ಲಿಗೆ ದಾರಿ ಮುಚ್ಚುತ್ತಿತ್ತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ಹೊರಡಿಸಿದ ಪ್ರಕಟಣೆಯಿಂದ ಅದು ತೆರೆಯಿತು. ಹನ್ನೆರಡನೇ ತರಗತಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ಈಗ ಅರ್ಹರು. ಕೆಲಸದಲ್ಲಿರುವವರಿಗೆ ಹೊಂದುವ ಮಾರ್ಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್. ಅಲ್ಲಿ ಸೀನಿಯರ್ ಸೆಕೆಂಡರಿ ಜೀವಶಾಸ್ತ್ರದ ವಿಷಯ ಸಂಕೇತ 314. ಪಬ್ಲಿಕ್ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತದೆ. ಥಿಯರಿಯ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಕಡ್ಡಾಯ. ಅದಕ್ಕೆ ಹಾಜರಾಗದೆ ಬರೀ ಥಿಯರಿ ಬರೆದು ಬಂದರೆ ವಿಷಯ ಪಾಸಾಗುವುದಿಲ್ಲ. ನೋಂದಣಿಯಿಂದ ಅಂಕಪಟ್ಟಿ ಕೈಸೇರುವವರೆಗೆ ಒಂದು ವರ್ಷ ಎಂದೇ ಲೆಕ್ಕ ಹಾಕಿಕೊಳ್ಳಿ. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದು, ದಾಖಲೆ ಪರಿಶೀಲನೆಯ ದಿನ ಜೀವಶಾಸ್ತ್ರದ ಅಂಕಪಟ್ಟಿ ಕೈಯಲ್ಲಿಲ್ಲದಿದ್ದರೆ ಆ ರ‍್ಯಾಂಕ್‌ನಿಂದ ಪ್ರಯೋಜನವಿಲ್ಲ.

ವಯಸ್ಸಿನ ವಿಷಯ ಚುಟುಕಾಗಿ ಹೇಳಬಹುದು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗರಿಷ್ಠ ಮಿತಿಯನ್ನು ತೆಗೆದುಹಾಕಿರುವುದನ್ನು ಎನ್‌ಎಂಸಿ 2022ರ ಮಾರ್ಚ್‌ನಲ್ಲಿ ತಿಳಿಸಿತು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿ ಇಲ್ಲ.

ಇನ್ನು ಕರ್ನಾಟಕದ ಸರ್ಕಾರಿ ಕೋಟಾ. ಇದು ಅರ್ಹತೆಗಿಂತ ಸೂಕ್ಷ್ಮವಾದ ಸಂಗತಿ. ರಾಜ್ಯದ ಸರ್ಕಾರಿ ಕಾಲೇಜುಗಳ ಶೇ 85 ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಕೆಇಎ, ಹಂಚುತ್ತದೆ. ಉಳಿದ ಶೇ 15 ಅಖಿಲ ಭಾರತ ಕೋಟಾ. ಅದನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ನೋಡಿಕೊಳ್ಳುವುದು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಎಂಸಿಸಿ. ಕೆಇಎಯ ಸಾಮಾನ್ಯ ನಿಯಮದ ಪ್ರಕಾರ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನಾದರೂ ಇಲ್ಲಿಂದ ಪಾಸಾಗಿರಬೇಕು. ಡಿಗ್ರಿಯ ವರ್ಷಗಳು ಈ ಏಳರಲ್ಲಿ ಸೇರುವುದಿಲ್ಲ. ಹೈದರಾಬಾದಿನಲ್ಲಿ ಶಾಲೆ ಕಲಿತು, ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಿಇ ಓದಿ, ಮೂರು ವರ್ಷ ಕೆಲಸ ಮಾಡಿದವರಿಗೆ ಇಲ್ಲಿ ಏಳು ವರ್ಷದ ವಾಸವಿದ್ದರೂ ಈ ನಿಯಮದಡಿ ಸರ್ಕಾರಿ ಕೋಟಾ ಇಲ್ಲ. ತಂದೆತಾಯಿ ಸರ್ಕಾರಿ ನೌಕರರಾಗಿದ್ದವರು, ಸೈನಿಕರ ಮಕ್ಕಳು ಮೊದಲಾದವರಿಗೆ ಬೇರೆ ಕಲಮುಗಳಿವೆ. ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೂ ಪ್ರತ್ಯೇಕ ಕಲಮು ಇದೆ, ಅವರಿಗೆ ಕೆಇಎ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಕಾಸರಗೋಡಿನವರು, ಅಕ್ಕಲಕೋಟೆ, ಜತ್ತ ಕಡೆಯವರು ಆ ಪರೀಕ್ಷೆಯ ದಿನಾಂಕ ತಪ್ಪಿಸಿಕೊಳ್ಳಬಾರದು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೂ ಲೆಕ್ಕಕ್ಕೆ ಬರುವುದು ಒಂದರಿಂದ ಹತ್ತನೇ ತರಗತಿ ಮಾತ್ರ. ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಈಗಲೂ ಆ ಹಕ್ಕು ನಿಮ್ಮದೇ, ಡಿಗ್ರಿ ಮಾಡಿದ್ದರಿಂದ ಅದು ಕಳೆದುಹೋಗುವುದಿಲ್ಲ. ಕಷ್ಟವಿರುವುದು ಪ್ರಮಾಣಪತ್ರ ತರುವುದರಲ್ಲಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ, ಮೇಲುರುಜು ಬೇಕು. ಹತ್ತು-ಹದಿನೈದು ವರ್ಷದ ಹಿಂದೆ ಓದಿದ ಕಿರಿಯ ಪ್ರಾಥಮಿಕ ಶಾಲೆ ಮುಚ್ಚಿದ್ದರೆ ಅಥವಾ ಪಕ್ಕದ ಶಾಲೆಯೊಂದಿಗೆ ವಿಲೀನವಾಗಿದ್ದರೆ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಹುಡುಕುವುದಕ್ಕೇ ವಾರಗಳು ಹಿಡಿಯಬಹುದು. ಫಲಿತಾಂಶಕ್ಕೆ ಕಾಯದೆ ಬೇಸಿಗೆಯಲ್ಲೇ ಬಿಇಒ ಕಚೇರಿಗೆ ಹೋಗಿ. ಹಿಂದುಳಿದ ವರ್ಗದ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪಿಯುಸಿ ಮುಗಿದಾಗ ಮಾಡಿಸಿದ್ದು ಈಗ ಮುಗಿದಿರುತ್ತದೆ, ಹೊಸ ಪ್ರಮಾಣಪತ್ರ ಮತ್ತು ಅದರ ಮೇಲಿನ ಆರ್‌ಡಿ ಸಂಖ್ಯೆ ಬೇಕು. ಅಖಿಲ ಭಾರತ ಕೋಟಾದಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಅಲ್ಲಿ ಕೆಲಸಕ್ಕೆ ಬಾರದು.

ಇನ್ನೊಂದು ಸಾಮಾನ್ಯ ತೊಡಕು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ 'ಕೆ.ಎಂ.' ಎಂಬ ಇನಿಷಿಯಲ್, ಆಧಾರ್‌ನಲ್ಲಿ ಊರು ಮತ್ತು ತಂದೆಯ ಪೂರ್ತಿ ಹೆಸರು, ಡಿಗ್ರಿಯಲ್ಲಿ ಮೂರನೆಯ ರೂಪ. ನೀಟ್ ಅರ್ಜಿ, ಕೆಇಎ ಅರ್ಜಿ ಎರಡರಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ತುಂಬಿ, ಆಧಾರ್ ಅನ್ನು ಅದಕ್ಕೆ ಹೊಂದಿಸಿಕೊಳ್ಳಿ. ಅರ್ಜಿಗಳು ಎರಡು ಎಂಬುದೂ ನೆನಪಿರಲಿ: ನೀಟ್‌ಗೆ ಎನ್‌ಟಿಎಯಲ್ಲಿ (ನೀಟ್ ನಡೆಸುವ ಸಂಸ್ಥೆ) ನೋಂದಾಯಿಸಿದರೆ ಕೆಇಎಗೆ ತಾನಾಗಿಯೇ ಹೋಗುವುದಿಲ್ಲ, ಅಲ್ಲಿ ಬೇರೆ ನೋಂದಣಿ ಮಾಡಬೇಕು. ಪ್ರವೇಶದ ವೇಳೆ ಕೊನೆಯದಾಗಿ ಓದಿದ ಕಾಲೇಜಿನ ಟಿಸಿ ಕೇಳುತ್ತಾರೆ. ನಿಮ್ಮ ಮಟ್ಟಿಗೆ ಅದು ಡಿಗ್ರಿ ಕಾಲೇಜು. ಟಿಸಿ, ವಲಸೆ ಪ್ರಮಾಣಪತ್ರ ಎರಡನ್ನೂ ಮೊದಲೇ ತಂದಿಟ್ಟುಕೊಳ್ಳಿ.

ಪರೀಕ್ಷೆಗೆ ಬರೋಣ. 2025ರಿಂದ ಐಚ್ಛಿಕ ಪ್ರಶ್ನೆಗಳಿಲ್ಲ. 180 ನಿಮಿಷದಲ್ಲಿ 180 ಪ್ರಶ್ನೆ, 720 ಅಂಕ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಜೀವಶಾಸ್ತ್ರ 90, ಭೌತ 45, ರಸಾಯನ 45 ಪ್ರಶ್ನೆ. ಕನ್ನಡದಲ್ಲೂ ಬರೆಯಬಹುದು. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ.

ಪದವೀಧರರಿಗೆ ಇಲ್ಲೊಂದು ವಿಚಿತ್ರ ಅಡಚಣೆ ಇದೆ. ಹೆಚ್ಚು ಓದಿರುವುದೇ ತೊಡಕಾಗುತ್ತದೆ. ಹೃದಯ ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತದ ಪ್ರಮಾಣ ಎಷ್ಟೆಂದರೆ ಶರೀರಕ್ರಿಯಾ ಶಾಸ್ತ್ರದ ದೊಡ್ಡ ಪುಸ್ತಕ ವಯಸ್ಸು, ವ್ಯಾಯಾಮ, ಭಂಗಿ ನೋಡಿ ಒಂದು ವ್ಯಾಪ್ತಿ ಕೊಡುತ್ತದೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ, ಗುಣಿಸಿದರೆ ಸುಮಾರು ಐದು ಲೀಟರ್. ನೀಟ್‌ಗೆ ಬೇಕಾದುದು ಇದು. ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದವರು ನಾಲ್ಕೂ ಆಯ್ಕೆಗಳಲ್ಲಿ ಅಪವಾದ ಹುಡುಕುತ್ತಾ ಕುಳಿತು ಸಮಯ ಕಳೆಯುತ್ತಾರೆ. ಹನ್ನೊಂದು, ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರವನ್ನು ಚಿತ್ರದ ಕೆಳಗಿನ ಸಾಲಿನ ಸಮೇತ ಓದಬೇಕು. 2024ರಲ್ಲಿ ಪಠ್ಯಕ್ರಮ ಕಡಿತವಾಗಿದೆ, ಆದ್ದರಿಂದ ಅಣ್ಣನ ಹಳೆಯ ನೋಟ್ಸ್ ಹಿಡಿಯುವ ಮೊದಲು ಎನ್‌ಎಂಸಿಯ ಹೊಸ ಪಟ್ಟಿಯೊಂದಿಗೆ ಹೋಲಿಸಿ. ಜೀವಶಾಸ್ತ್ರವನ್ನು 50 ನಿಮಿಷದೊಳಗೆ ಮುಗಿಸುವ ರೂಢಿ ಬಂದರೆ ಭೌತಶಾಸ್ತ್ರಕ್ಕೆ 70 ನಿಮಿಷ ಉಳಿಯುತ್ತದೆ. ಸೀಟು ನಿರ್ಧಾರವಾಗುವುದು ಹೆಚ್ಚಾಗಿ ಅಲ್ಲೇ.

'50ನೇ ಪರ್ಸೆಂಟೈಲ್ ಬಂದರೆ ಸಾಕಂತೆ' ಎಂಬ ಮಾತನ್ನು ನಂಬಿ ಕೂರಬೇಡಿ. ಅದು, ಅಂದರೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದಿರುವುದು, ಅರ್ಹತೆಯ ಗೆರೆ ಮಾತ್ರ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಆ ಗೆರೆ 144 ಅಂಕದಲ್ಲಿತ್ತು. ಸರ್ಕಾರಿ ಸೀಟು ಅದಕ್ಕಿಂತ ಬಹಳ ಮೇಲಿದೆ. ಅಂಕವನ್ನು ಹಿಂದಿನ ವರ್ಷದ ಅಂಕಕ್ಕೆ ಹೋಲಿಸುವುದೂ ತಪ್ಪು. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಬಂದಿತ್ತು, 2025ರಲ್ಲಿ ಮೊದಲ ರ‍್ಯಾಂಕ್‌ಗೇ 686. ಕೆಇಎ ಪ್ರಕಟಿಸುವ ಹಿಂದಿನ ವರ್ಷಗಳ ಕಟಾಫ್‌ನಲ್ಲಿ ನಿಮ್ಮ ವರ್ಗದ ಕೊನೆಯ ರ‍್ಯಾಂಕ್ ನೋಡಿ.

ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 25ಕ್ಕೆ ಸೇರಿದರೆ ಎಂಬಿಬಿಎಸ್ ಕೈಗೆ ಬರುವಾಗ 30 ದಾಟಿರುತ್ತದೆ. ತಜ್ಞರಾಗಬೇಕಾದರೆ ನೀಟ್ ಪಿಜಿ ಮತ್ತು ಇನ್ನೂ ಮೂರು ವರ್ಷ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸಿಗೆ ಒಂಬತ್ತು ವರ್ಷದ ಮಿತಿ. ಹಣದ ಲೆಕ್ಕವನ್ನೂ ಮನೆಯವರೊಂದಿಗೆ ಕುಳಿತು ಬರೆಯಿರಿ: ರಾಜ್ಯದ ಖಾಸಗಿ ಕಾಲೇಜುಗಳ ಖಾಸಗಿ ಸೀಟಿನ ಶುಲ್ಕ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ, ಜೊತೆಗೆ ಐದೂವರೆ ವರ್ಷದ ನಿಮ್ಮ ಸಂಬಳ ನಿಲ್ಲುತ್ತದೆ. ಸರ್ಕಾರಿ ಸೀಟು ಅಥವಾ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸಿಗದಿದ್ದರೆ ಏನು ಎಂಬುದನ್ನು ನೀಟ್ ಬರೆಯುವ ಮೊದಲೇ ತೀರ್ಮಾನಿಸುವುದು ಒಳ್ಳೆಯದು. ಎರಡು ಪ್ರಯತ್ನಕ್ಕಿಂತ ಹೆಚ್ಚನ್ನು ಕೆಲಸ ಬಿಟ್ಟು ಮಾಡುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ.

ವಿದೇಶದ ಬಗ್ಗೆ ಯೋಚಿಸುವವರಿಗೆ ಒಂದೇ ಎಚ್ಚರಿಕೆ. ಎನ್‌ಎಂಸಿಯ 2021ರ ನಿಯಮಗಳ ಪ್ರಕಾರ ಹೊರಗೆ ಓದಿ ಬಂದು ಭಾರತದಲ್ಲಿ ವೃತ್ತಿ ಮಾಡಲು ಕೋರ್ಸು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ನೀಟ್ ಅರ್ಹತೆಯೂ ಬೇಕು. 'ನೀವು ಪದವೀಧರರು, ನಾಲ್ಕೇ ವರ್ಷದಲ್ಲಿ ಎಂಡಿ' (ಅಲ್ಲಿ ಎಂಬಿಬಿಎಸ್‌ಗೆ ಸಮನಾದ ಪದವಿ) ಎಂದು ಏಜೆಂಟರು ಹೇಳುವ ಕೋರ್ಸು 48 ತಿಂಗಳು. ಆರು ತಿಂಗಳ ಈ ಕೊರತೆಯನ್ನು ಆಮೇಲೆ ತುಂಬಿಕೊಡುವ ಏರ್ಪಾಡು ಆ ನಿಯಮದಲ್ಲಿಲ್ಲ. ಮುಂಗಡ ಕೊಡುವ ಮೊದಲು ಕೋರ್ಸಿನ ತಿಂಗಳುಗಳ ಸಂಖ್ಯೆ, ಇಂಟರ್ನ್‌ಶಿಪ್ ನಡೆಯುವ ಆಸ್ಪತ್ರೆಯ ಹೆಸರು ಎರಡನ್ನೂ ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಪಡೆಯಿರಿ. ಏಜೆಂಟರ ಪತ್ರ ಎನ್‌ಎಂಸಿ ಮುಂದೆ ನಡೆಯುವುದಿಲ್ಲ.