ಕೊಡಲಿ ಮರದ ಮೇಲೆ, ಕಣ್ಣು ನೆಲದ ಮೇಲೆ

ಉಪಗ್ರಹ ಚಿತ್ರ ಓದುವುದು ನನ್ನ ಕೆಲಸ. ಹೊಸದಾಗಿ ಕಲಿಯಲು ಬಂದವರ ಮುಂದೆ ಮೊದಲು ಇಡುವುದು ಬ್ರೆಜಿಲ್‌ನ ಅಮೆಜಾನ್ ಕಾಡಿನ ರೊಂಡೋನಿಯಾ ರಾಜ್ಯದ ಚಿತ್ರ. "ಮೇಡಂ, ಮೀನಿನ ಮುಳ್ಳು!" ಅನ್ನುತ್ತಾರೆ. ಹೌದು, ನಡುವೆ ಬೆನ್ನೆಲುಬಿನಂತೆ ಒಂದು ಹೆದ್ದಾರಿ. ಎರಡೂ ಕಡೆ ಹಗ್ಗ ಹಿಡಿದು ಗೆರೆ ಎಳೆದಂತೆ ಅಡ್ಡರಸ್ತೆಗಳು. ರಸ್ತೆಯ ಬದಿಗೆಲ್ಲ ಕಾಡು ಬೋಳು.

ಆ ಹೆದ್ದಾರಿ ಬಿಆರ್-364. 1984ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಪೂರ್ತಿ ಡಾಂಬರು ಬಿತ್ತು. ಸರ್ಕಾರವೇ ಬೇರೆ ಕಡೆಯ ಜನರನ್ನು ಕರೆದು ಅಲ್ಲಿ ಜಮೀನು ಹಂಚಿತ್ತು. ಕಾಡು ಕಡಿದು ತೋರಿಸಿದರೆ ಭೂಮಿ ಉಪಯೋಗಿಸಿದ ಲೆಕ್ಕ, ಹಕ್ಕು ಗಟ್ಟಿ. ಬಗರ್ ಹುಕುಂ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕಾಡು ಹೋಗುವುದು ನಾಟಾದ ಆಸೆಗೆ ಅಂತ ಬಹಳ ಜನ ನಂಬಿದ್ದಾರೆ. ಬೆಲೆಬಾಳುವ ನಾಲ್ಕು ಮರ ಮೊದಲು ಹೋಗುತ್ತವೆ, ನಿಜ. ಉಳಿದದ್ದನ್ನು ಸುಮ್ನೆ ಕೆಡವಿ, ಒಣಗಲು ಬಿಟ್ಟು, ಒಣಗಾಲದಲ್ಲಿ ಬೆಂಕಿ ಕೊಡುತ್ತಾರೆ. ಬೂದಿಯ ಮೇಲೆ ಆಫ್ರಿಕಾ ಮೂಲದ ಬ್ರಾಕಿಯಾರಿಯಾ ಹುಲ್ಲು ಬಿತ್ತುತ್ತಾರೆ. ಆಮೇಲೆ ದನ, ಮಾಂಸದ ವ್ಯಾಪಾರಕ್ಕೆ. ಅಮೆಜಾನ್‌ನಲ್ಲಿ ಬೋಳಾದ ನೆಲದ ಬಹುಪಾಲು ಈಗ ಹುಲ್ಲುಗಾವಲೇ. ಅಲ್ಲಿ ಮೇಯುವ ಬಿಳಿ ದನಕ್ಕೆ ನೆಲೋರ್ ಅಂತ ಹೆಸರು. ಆಂಧ್ರದ ನೆಲ್ಲೂರಿನ ಹೆಸರೇ ಅದು. ನಾವು ಓಂಗೋಲ್ ಅಂತ ಕರೆಯುವ ತಳಿಯ ಸಂತಾನ ಅದು!

ಇನ್ನು ವೇಗದ ಮಾತು. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇನ್ಪೆ 1988ರಿಂದ ಪ್ರತಿ ವರ್ಷ ಅಮೆಜಾನನ್ನು ಅಳೆಯುತ್ತಿದೆ. 2004ರಲ್ಲಿ 27,772 ಚದರ ಕಿ.ಮೀ. ಹೋಯಿತು, 2012ರಲ್ಲಿ 4,571 ಮಾತ್ರ. ಉಪಗ್ರಹ ನೋಡಿ ಬೇಗ ಎಚ್ಚರಿಸುವ ವ್ಯವಸ್ಥೆ ಬಂತು, ದಂಡ ಬಿತ್ತು. 2008ರಿಂದ ನಿಯಮ ಮುರಿದವರಿಗೆ ಬ್ಯಾಂಕಿನ ಕೃಷಿ ಸಾಲವೂ ಸಿಗದಂತಾಯಿತು. ಜಾಸ್ತಿ ತಟ್ಟಿದ್ದು ಈ ಕೊನೆಯದೇ ಅಂತ ನನಗನ್ನಿಸುತ್ತದೆ. ಕಾವಲು ಸಡಿಲವಾಯಿತು ನೋಡಿ, 2021ರಲ್ಲಿ ಲೆಕ್ಕ ಮತ್ತೆ 13,000 ದಾಟಿತು.

2024ರ ಅಂಕಿಗಳು ಹಲವರನ್ನು ಗೊಂದಲಕ್ಕೆ ಕೆಡವಿದವು. ಇನ್ಪೆ ಪ್ರಕಾರ ಅಮೆಜಾನ್‌ನಲ್ಲಿ ಕಡಿತ ಇಳಿದಿತ್ತು. ಅದೇ ವರ್ಷ ಜಗತ್ತಿನ ಉಷ್ಣವಲಯದಲ್ಲಿ 67 ಲಕ್ಷ ಹೆಕ್ಟೇರ್ ಮೂಲ ಮಳೆಕಾಡು ಹೋಯಿತು ಅಂತ ಇನ್ನೊಂದು ಲೆಕ್ಕ ಬಂತು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಅದರಲ್ಲಿ ಬ್ರೆಜಿಲ್‌ನದೇ ದೊಡ್ಡ ಪಾಲು. ಯಾರದ್ದು ಸುಳ್ಳು? ಯಾರದ್ದೂ ಅಲ್ಲ. ಇನ್ಪೆ ಮುಖ್ಯವಾಗಿ ಪೂರ್ತಿ ಬೋಳಾದ ನೆಲವನ್ನು ಎಣಿಸುತ್ತದೆ. ಅದರ ವರ್ಷ ಜುಲೈಗೆ ಮುಗಿಯುತ್ತದೆ. ಇನ್ನೊಂದು ಲೆಕ್ಕದಲ್ಲಿ ಬೆಂಕಿಗೆ ಸುಟ್ಟ ಕಾಡೂ ಸೇರುತ್ತದೆ. ಆ ವರ್ಷದ ನಷ್ಟದಲ್ಲಿ ಹತ್ತಿರ ಹತ್ತಿರ ಅರ್ಧ ಬೆಂಕಿಯದೇ.

ನಮ್ಮ ಹುಡುಗರು ಒಂದು ತಪ್ಪನ್ನು ತಪ್ಪದೆ ಮಾಡುತ್ತಾರೆ. ಮಳೆಗಾಲದ ಚಿತ್ರದಲ್ಲಿ ಹುಲ್ಲುಗಾವಲನ್ನೂ ಕಾಡು ಅಂತ ಗುರುತು ಹಾಕಿಬಿಡುತ್ತಾರೆ, ಎರಡೂ ಹಸಿರು ಕಾಣುತ್ತವಲ್ಲ. ಅದಕ್ಕೇ ಆಗಸ್ಟ್ ತಿಂಗಳ ಚಿತ್ರವನ್ನು ಪಕ್ಕದಲ್ಲಿಡುತ್ತೇನೆ. ಅಲ್ಲಿಗದು ಒಣಗಾಲ, ಮೋಡವೂ ಕಡಿಮೆ. ಹುಲ್ಲು ಕಂದಿರುತ್ತದೆ, ಕಾಡು ಹಾಗೇ ಹಸಿರಾಗಿರುತ್ತದೆ. ಮೀನಿನ ಮುಳ್ಳು ಆಗ ಒಂದೊಂದೇ ಎದ್ದು ಕಾಣುತ್ತದೆ.